ಇದ್ದಿಲಿನಲ್ಲಿ ಬರೆದ ನಂಬರು

ಕಳೆದ ವಾರ ಲಕ್ಷ್ಮೇಶ್ವರದ ಹೆಣ್ಣುಮಗಳೊಬ್ಬಳು ಮೂರು ಕುಪ್ಪಸ ಹೊಲಿಸಲು ನನ್ನಲ್ಲಿಗೆ ಬಂದಳು. ಅವಳ ತಂಗಿಯನ್ನು ಬೆಟಗೇರಿಯ ನಮ್ಮ ಓಣಿಗೇ ಕೊಟ್ಟಿದ್ದಾರೆ. ಬಂದವಳು ಬಟ್ಟೆ ತಂದಿದ್ದ ಕೈಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಿಡಿದು ಜಾಡಿಸಿದಳು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಬಟ್ಟೆ ಹೊಸದಾದರೂ ಚೀಲ ತೀರ ಹಳೆಯದು, ಅದರ ಹಿಡಿಕೆಗೆ ಎರಡು ಸಲ ಹೊಲಿಗೆ ಬಿದ್ದಿತ್ತು. ಮೇಲೆ ಬಟ್ಟೆಯಂಗಡಿಯೊಂದರ ಹೆಸರು, ಹೆಸರಿನ ಕೆಳಗೆ ಫೋನ್ ನಂಬರು. ಹೆಸರು ಅರ್ಧ ಅಳಿಸಿಹೋಗಿತ್ತು. ನಂಬರಿನ ಅಂಕಿ ಒಂದೂ ಮಾಸಿರಲಿಲ್ಲ.

ಅದು ನಮ್ಮ ದೊಡ್ಡವ್ವನ ನಂಬರು.

ನಾನು ಚೀಲ ನೋಡುತ್ತಲೇ ನಿಂತದ್ದನ್ನು ಕಂಡು ಅವಳು, "ಆ ಅಂಗಡಿಯವ್ರು ನಿಮಗ ಗೊತ್ತೇನ್ರಿ?" ಎಂದಳು. "ನಮ್ಮ ಓಣಿಯವ್ರ ರೀ. ಹ್ವಾದ ತಿಂಗಳ ತೀರ್ಕೊಂಡ್ರು ಆ ಅಜ್ಜಾರು. ಭಾಳ ಛಲೋ ಮನಷಾರು."

ನಾನು ಟೇಪು ತೆಗೆದುಕೊಂಡು ಅವಳ ತೋಳಿನ ಅಳತೆ ಹಿಡಿದೆ. ಎರಡು ಸಲ ತಪ್ಪಾಯಿತು. ಭಾಳ ಛಲೋ ಮನಷಾರು… ಹೌದು, ಇಪ್ಪತ್ತೈದು ವರ್ಷ ನಾನೂ ಅದನ್ನೇ ಹೇಳಿಕೊಂಡು ತಿರುಗಿದವಳು.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಅಲ್ಲ, ದೊಡ್ಡವ್ವನ ಎದುರುಮನೆಯವರು. ಯಳವತ್ತಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವೆಂದು ಅಪ್ಪ ನನ್ನನ್ನು ಲಕ್ಷ್ಮೇಶ್ವರದಲ್ಲಿ ತನ್ನ ಅಣ್ಣನ ಮನೆಗೆ ಬಿಟ್ಟಿದ್ದ. ಅಣ್ಣನ ಹೆಂಡತಿಯೇ ನನ್ನ ದೊಡ್ಡವ್ವ. ಅವರಿಗೆ ಮಕ್ಕಳಿರಲಿಲ್ಲ. ನಾನು ಓದಲು ಹೋದವಳು ಅಲ್ಲಿ ಮಗಳೇ ಆಗಿಬಿಟ್ಟೆ. ಓದು ಮಾತ್ರ ಅಷ್ಟಕ್ಕಷ್ಟೆ.

ಕಾಕಾನದು ಬಜಾರದಲ್ಲಿ ಒಂದು ಬಾಗಿಲಿನ ಬಟ್ಟೆಯಂಗಡಿ. ಶಾಲೆ ಬಿಟ್ಟವಳು ನೇರ ಅಲ್ಲಿಗೆ ಓಡುತ್ತಿದ್ದೆ. ಕಾಕಾ ಬಟ್ಟೆಯ ಥಾನು ಬಿಚ್ಚಿ, ಅಳತೆ ಹಾಕಿ, ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಚರ್ರನೆ ಹರಿಯುತ್ತಿದ್ದರು. ನೂಲಿನ ಗುಂಟವೇ ನೆಟ್ಟಗೆ ಹರಿದುಕೊಂಡು ಹೋಗುತ್ತಿತ್ತು ಬಟ್ಟೆ. "ಕಣ್ಣಿಲೆ ನೋಡಬ್ಯಾಡ ಮಗಳ, ಕಿವಿಲೆ ಕೇಳು. ಒಂದೊಂದು ಬಟ್ಟೀಗೆ ಒಂದೊಂದು ದನಿ ಐತಿ" ಎನ್ನುತ್ತಿದ್ದರು. ಪಾಪ್ಲಿನ್ನಿನ ದನಿ ಒರಟು, ಮಲ್ಲಿನದು ಮೆತ್ತಗೆ, ಕುಪ್ಪಸಕ್ಕೆಂದು ತರುವ ಟೂಬೈಟೂ ಬಟ್ಟೆಯದು ಚುರುಕು. ಕಣ್ಣು ಮುಚ್ಚಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ಮೂರು ವರ್ಷದಲ್ಲಿ ಆ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಲಿಲ್ಲ ನಾನು. ಮ್ಯಾಟ್ರಿಕ್ಕಿನಲ್ಲಿ ಮಾತ್ರ ಡುಮ್ಕಿ ಹೊಡೆದೆ.

ಅಂದು ದೊಡ್ಡವ್ವ ಒಲೆಯ ಮುಂದೆ ಕುಳಿತು ಅತ್ತಳು. ದೊಡ್ಡಪ್ಪ ಊಟ ಬಿಟ್ಟು ಎದ್ದ. ಸಂಜೆ ಕಾಕಾ ಅಂಗಡಿ ಮುಚ್ಚಿಕೊಂಡು ಬಂದವರು ಹಿತ್ತಾಳೆ ಹಿಡಿಕೆಯ ದೊಡ್ಡ ಕತ್ತರಿಯೊಂದನ್ನು ನನ್ನ ಮುಂದಿಟ್ಟರು. "ತಲಿ ನಪಾಸಾದ್ರ ಆತು ಬಿಡು, ಕೈ ಪಾಸಾಗೈತಿ" ಎಂದರು. ನನ್ನ ಜೀವನ ನಡೆದದ್ದು ಆ ಕತ್ತರಿಯ ಮೇಲೆ. ಇವತ್ತಿಗೂ ನನ್ನ ಮೇಜಿನ ಮೇಲಿರುವುದು ಅದೇ. ಸಾಣೆ ಹಿಡಿಸಿ ಹಿಡಿಸಿ ಅಲಗು ಸವೆದಿದೆ. ಇಂಥ ಮನುಷ್ಯನನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು ಹೇಳಿ.

ಇನ್ನು ಫೋನಿನ ಮಾತು. ಆ ಓಣಿಗೆ ಮೊದಲು ಫೋನು ಹಾಕಿಸಿದವನು ದೊಡ್ಡಪ್ಪ. ಅಂಕಿಗಳು ಜೋಡಿಜೋಡಿಯಾಗಿ ಬರುವ ನಂಬರು ಅದು, ಒಮ್ಮೆ ಕೇಳಿದವರು ಮರೆಯುತ್ತಿರಲಿಲ್ಲ. ಶಿರಹಟ್ಟಿಯಿಂದ, ಗದಗಿನಿಂದ, ಸುತ್ತಲಿನ ಹಳ್ಳಿಗಳಿಂದ ಓಣಿಯ ಯಾರಿಗೇ ಫೋನು ಬರಲಿ, ಆ ನಂಬರಿಗೇ ಬರಬೇಕು. ನಾನು ಕಟ್ಟೆಯ ಮೇಲೆ ನಿಂತು ಹೆಸರು ಹಿಡಿದು ಕೂಗುತ್ತಿದ್ದೆ. ನನ್ನ ಗಂಟಲು ಈಗಲೂ ದೊಡ್ಡದು, ಗಿರಾಕಿಗಳು ಬೈದುಕೊಳ್ಳುತ್ತಾರೆ. ಮುಂದೆ ಮನೆಮನೆಗೂ ಫೋನು ಬಂತು, ಆಮೇಲೆ ಎಲ್ಲರ ಕಿಸೆಗೂ ಬಂತು. ಆದರೂ ಊರ ಜನರ ಬಾಯಲ್ಲಿ ಉಳಿದದ್ದು ಆ ನಂಬರೇ.

ಆದರೆ ದೊಡ್ಡವ್ವನಿಗೆ ಆ ಫೋನು ಬೇಕಾಗಿದ್ದದ್ದು ವರ್ಷಕ್ಕೆ ಒಂದೇ ದಿನ, ಪಂಚಮಿಗೆ.

ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಗಲೇ ಹೆಣ್ಣುಮಗಳು ತವರಿಗೆ ಹೋಗುವುದು. ಕರೆಯದೆ ಹೋದರೆ ಅದು ಹೋದಂತಲ್ಲ. ದೊಡ್ಡವ್ವನಿಗೆ ಒಬ್ಬನೇ ತಮ್ಮ, ಮುಂಡರಗಿಯ ಆಚೆ ಹೊಳೆದಂಡೆಯ ಊರಲ್ಲಿ ಒಕ್ಕಲುತನ ಮಾಡುತ್ತಿದ್ದ. ನಾನು ಆ ಮನೆಗೆ ಹೋಗುವ ಮೊದಲೇ ಒಂದು ಪಂಚಮಿಗೆ ಅವನು ಹೊಲದ ಕೆಲಸ ಬಿಟ್ಟು ಬರಲಾಗದೆ, ಕರೆಯಲು ಆಳುಮಗನನ್ನು ಕಳಿಸಿದ್ದನಂತೆ. ದೊಡ್ಡವ್ವ ಬಾಗಿಲಲ್ಲೇ ನಿಂತು, "ಆಳು ಬಂದು ಕರದ್ರ ಆಳಿನ ಮನೀಗೆ ಹೋಗಬೇಕಾಗ್ತೈತಿ, ತವರಮನೀಗೆ ಅಲ್ಲ" ಎಂದು ಅವನನ್ನು ಹಾಗೇ ತಿರುಗಿಸಿ ಕಳಿಸಿದಳು. ಆ ಮಾತು ತಮ್ಮನಿಗೆ ಚುಚ್ಚಿತು. ಅಲ್ಲಿಗೆ ಮುಗಿಯಿತು ನೋಡಿ, ಅವನು ಬರಲಿಲ್ಲ, ಇವಳು ಹೋಗಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ಯಾರಾದರೂ ಹೇಳಬಹುದಿತ್ತು.

ಫೋನು ಬಂದ ಮೇಲೆ ಒಂದು ಹೊಸ ರೂಢಿ ಶುರುವಾಯಿತು. ಪಂಚಮಿಯ ದಿನ ಬೆಳಿಗ್ಗೆ, ನಾಗಪ್ಪನಿಗೆ ಹಾಲೆರೆಯುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತಿತ್ತು. ದೊಡ್ಡವ್ವನೇ ಎತ್ತಬೇಕು, ಬೇರೆ ಯಾರೂ ಎತ್ತುವಂತಿಲ್ಲ.

"ಉಂಡಿ ಕಟ್ಟೀರೇನು?"

"ಕಟ್ಟೀವಿ. ನಿಮ್ಮಲ್ಲೆ?"

"ಕಟ್ಟ್ಯಾರ."

ಅಷ್ಟೇ. ತಮ್ಮ ಫೋನು ಇಟ್ಟುಬಿಡುತ್ತಿದ್ದ. ದೊಡ್ಡವ್ವ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ನಿಲ್ಲುತ್ತಿದ್ದಳು. "ಬಾ" ಎನ್ನುವ ಒಂದು ಅಕ್ಷರಕ್ಕಾಗಿ ಕಾಯುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು, ಆದರೆ ಹಾಗೆಂದು ಅವಳ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಹೋಗಿ ಹಾಲೆರೆಯುತ್ತಿದ್ದಳು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು… ತಮ್ಮನ ಪಾಲಿಗೆ ಹಾಲು ಸ್ವಲ್ಪ ಹೆಚ್ಚೇ ಬೀಳುತ್ತಿತ್ತು.

ದೊಡ್ಡಪ್ಪ ತೀರಿಕೊಂಡು ಬಹಳ ವರ್ಷಗಳಾದ ಮೇಲೆ ದೊಡ್ಡವ್ವನ ಕಣ್ಣಿಗೆ ಪರೆ ಬಂತು. ಒಂದು ದಿನ ಬಚ್ಚಲಲ್ಲಿ ಬಿದ್ದಳು. ನಾನು ಅಷ್ಟೊತ್ತಿಗೆ ಮದುವೆಯಾಗಿ ಬೆಟಗೇರಿಯಲ್ಲಿ ಹೊಲಿಗೆ ಹಾಕಿಕೊಂಡಿದ್ದೆ. ಮನೆಯ ಪಕ್ಕದ ಕೋಣೆ ಖಾಲಿಯಿತ್ತು. "ಇನ್ನ ಸಾಕು, ನನ್ನ ಕಡೆ ಬಂದುಬಿಡು" ಎಂದೆ. ಬರುವುದಕ್ಕೆ ಅವಳದೇನೂ ತಕರಾರಿರಲಿಲ್ಲ. ಮನೆ ಬಾಡಿಗೆಗೆ ಕೊಡಲೂ ಒಪ್ಪಿದಳು. ಒಂದೇ ಒಂದು ಮಾತು ಹೇಳಿದಳು: "ನಂಬರ ನನ್ನ ಜೋಡಿ ಬರಬೇಕು."

ಅದೇನು ಮಹಾ ಎಂದುಕೊಂಡು ನಾನು ಟೆಲಿಫೋನ್ ಆಫೀಸಿಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಸಮಾಧಾನದಿಂದ ತಿಳಿಸಿ ಹೇಳಿದಳು. ಲಕ್ಷ್ಮೇಶ್ವರದೊಳಗೆ ಯಾವ ಮನೆಗೆ ಬೇಕಾದರೂ ಅದೇ ನಂಬರು ಹಾಕಿಕೊಡುತ್ತಾರೆ. ಬೆಟಗೇರಿಗೆ ಹೋದರೆ ಅಲ್ಲಿನ ಎಕ್ಸ್‌ಚೇಂಜೇ ಬೇರೆ, ನಂಬರೂ ಬೇರೆ. ನಾನು ಬಂದು ಹಾಗೆಂದಾಗ ದೊಡ್ಡವ್ವ, "ಹಂಗಾದ್ರ ನಾ ಬರೂದಿಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ನಿನಗ ಒಂದು ಮೊಬೈಲ್ ತಂದುಕೊಡ್ತೀನಿ. ಅದರ ನಂಬರ ನಿನ್ನ ತಮ್ಮಗ ನಾ ಮುಟ್ಟಸ್ತೀನಿ, ಆತಿಲ್ಲ?" ಎಂದೆ.

ಅವಳು ಧಡಕ್ಕನೆ ಎದ್ದು ಕುಳಿತಳು. "ನಂಬರ ಕಳಿಸಿದ್ರ, ನನ್ನ ಕರಿಯೋ ತಮ್ಮಾ ಅಂತ ನಾನಽ ಬೇಡಿದಂಗ ಆಗ್ತೈತಿ. ಕಳಿಸಿದಿ ಅಂದ್ರ ನನ್ನ ಆಣಿ ಐತಿ ನಿನಗ" ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಆಣೆಗೆ ಹೆದರಿದೆ. ಈಗ ಅನ್ನಿಸುತ್ತದೆ, ಅವತ್ತು ಆಣೆ ಮುರಿದು ಒಂದು ಚೀಟಿ ಕಳಿಸಿದ್ದರೆ… ಇರಲಿ.

ಆಗ ದಾರಿ ತೋರಿಸಿದವರು ಕಾಕಾ. ಸಾಮಾನು ಕಟ್ಟುತ್ತಿದ್ದ ನಮಗೆ ಚಹಾ ತಂದುಕೊಟ್ಟು, ಬಾಗಿಲ ಬಳಿ ಕುಳಿತು, "ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಳ್ಳೂದು? ಫೋನು ನಮ್ಮ ಮನ್ಯಾಗ ಇರ್ಲಿ. ಊರೂ ಅದಽ, ನಂಬರೂ ಅದಽ. ನಿಮ್ಮ ತಮ್ಮ ಮಾಡಿದ್ರ ನಾ ಬೆಟಗೇರಿ ನಂಬರ ಹೇಳ್ತೀನಿ, ನೀವು ಕಳಿಸಿದಂಗೂ ಆಗೂದಿಲ್ಲ" ಎಂದರು. ದೊಡ್ಡವ್ವನ ಮುಖ ಅರಳಿತು. ಬಿಲ್ಲಿನ ತೊಂದರೆ ಬೇಡವೆಂದು ಫೋನನ್ನು ತಮ್ಮ ಹೆಸರಿಗೆ ಮಾಡಿಸುವುದು ಒಳ್ಳೆಯದು ಎಂದೂ ಅವರೇ ಹೇಳಿದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅರ್ಜಿಯನ್ನು ನಾನೇ ತಂದೆ, ನಾನೇ ತುಂಬಿದೆ. ಸಹಿ ಮಾಡುವಾಗ ದೊಡ್ಡವ್ವ ಪೆನ್ನು ಹಿಡಿದು ಸ್ವಲ್ಪ ತಡೆದಳು.

"ಹೆಸರು ಹ್ವಾದ ಮ್ಯಾಲೆ ನಂಬರ ನನ್ನ ಮಾತು ಕೇಳತೈತೇನಬೇ?"

"ಕಾಕಾನ ಮ್ಯಾಲೂ ಸಂಶೆ ಏನು ನಿನಗ?" ಎಂದು ನಾನು ನಕ್ಕೆ. ಕಾಕಾ ಕೂಡ ನಕ್ಕರು. ಅವಳು ಸಹಿ ಮಾಡಿದಳು.

ಫೋನು ಎದುರುಮನೆಗೆ ಹೋದ ದಿನ ನಾನು ಅಲ್ಲೇ ಇದ್ದೆ. ಅವರ ಪಡಸಾಲೆಯ ಸುಣ್ಣದ ಗೋಡೆಗೆ ಒಂದು ಹಲಗೆ ಹೊಡೆದು ಅದರ ಮೇಲಿಟ್ಟರು. ಒಲೆಯಿಂದ ಒಂದು ಇದ್ದಿಲು ತಂದು, ಫೋನಿನ ಸರಿಯಾಗಿ ಮೇಲೆ, ನನ್ನ ಮೊಬೈಲ್ ನಂಬರನ್ನು ಗೇಣುದ್ದದ ಅಂಕಿಗಳಲ್ಲಿ ಬರೆದೆ. ಕೆಳಗೆ 'ಬೆಟಗೇರಿ' ಎಂದು ಬರೆದೆ. ಕಾಕಾ ದೂರ ನಿಂತು ನೋಡಿ, "ಇಷ್ಟು ದೊಡ್ಡದು ಬರದ್ರ ಕುರುಡರಿಗೂ ಕಾಣತೈತಿ ಮಗಳ" ಎಂದರು. ಅದನ್ನು ನೋಡುತ್ತ ದೊಡ್ಡವ್ವ ಎತ್ತಿನಗಾಡಿಯಿಂದ ಇಳಿದು ತವರಿನ ಹೊಸಲು ದಾಟುವವಳ ಹಾಗೆ ಸುಖವಾಗಿ ಉಸಿರು ಬಿಟ್ಟಳು. ಅದೇ ಸಂಜೆ ಬೆಟಗೇರಿಗೆ ಬಂದೆವು.

ಮೊದಲ ಪಂಚಮಿ ಬಂತು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಅಳ್ಳಿನ ಉಂಡಿ ಎಲ್ಲ ಹಿಂದಿನ ದಿನವೇ ಕಟ್ಟಿ ಡಬ್ಬಿ ತುಂಬಿದ್ದೆವು. ಬೆಳಿಗ್ಗೆ ದೊಡ್ಡವ್ವ ತಲೆಗೆ ಎರೆದುಕೊಂಡು, ಹೊಸ ಸೀರೆ ಉಟ್ಟು, ನನ್ನ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ಕುಳಿತಳು. ಓಣಿಯ ಹೆಂಗಸರೆಲ್ಲ ಹಾಲೆರೆದು ಬಂದರು. ಇವಳು ಏಳಲಿಲ್ಲ. ನಡುವೆ ಒಮ್ಮೆ ಫೋನು ಬಡಿದುಕೊಂಡಿತು, ಯಾರೋ ಗಿರಾಕಿ, ಕುಪ್ಪಸ ಆಯಿತೇ ಎಂದು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ನನಗೇ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಹಳೆಯ ನಂಬರಿಗೆ ಫೋನು ಹಚ್ಚಿದೆ. ಕಾಕಾನೇ ಎತ್ತಿದರು.

"ಯಾರೂ ಮಾಡಿಲ್ಲವ್ವಾ. ಮಾಡಿದ್ರ ಹೇಳದ ಬಿಡ್ತೀನೇನು ನಾ?"

ಅವರ ದನಿಯ ಹಿಂದೆ ಚರ್ರ್ ಎಂದು ಒಂದು ಸದ್ದು ಬಂತು. ಬಟ್ಟೆ ಹರಿದ ಸದ್ದು. ಟೂಬೈಟೂ. ಆ ಸದ್ದನ್ನು ಗುರುತಿಸಲು ಅವರೇ ನನಗೆ ಕಲಿಸಿದ್ದರು. ಮನೆಯ ಪಡಸಾಲೆಯಲ್ಲಿ ಯಾರು ಬಟ್ಟೆ ಹರಿಯುತ್ತಾರೆ ಎಂದು ನಾನು ಆ ಕ್ಷಣಕ್ಕೆ ಕೇಳಿಕೊಳ್ಳಬೇಕಿತ್ತು. ಕಿವಿಗೆ ತಿಳಿದದ್ದು ಬುದ್ಧಿಗೆ ತಿಳಿಯಲಿಲ್ಲ. ಕಾಕಾ ಹೇಳಿದ ಮೇಲೆ ಮುಗಿಯಿತಲ್ಲ… ಬಂದು ದೊಡ್ಡವ್ವನಿಗೆ, "ಮಾಡಿಲ್ಲಂತ" ಎಂದೆ.

ಅವಳು ಎದ್ದು ಹೋಗಿ ಹಾಲೆರೆದಳು. ದೇವರ ಪಾಲು ಎಂದಳು, ಗುರುವಿನ ಪಾಲು ಎಂದಳು, ಅಪ್ಪನದೂ ಅವ್ವನದೂ ಎಂದಳು. ಆಮೇಲೆ ಬಟ್ಟಲು ಕೆಳಗಿಟ್ಟು ಬಂದುಬಿಟ್ಟಳು. ಬಟ್ಟಲಿನ ತಳದಲ್ಲಿ ಒಂದು ಪಾಲಿನ ಹಾಲು ಹಾಗೇ ಉಳಿದಿತ್ತು. ಉಂಡಿ ಬಾಯಿಗೆ ಇಡಲಿಲ್ಲ.

ಅಂದಿನಿಂದ ಅವಳು ಇಳಿಯುತ್ತ ಹೋದಳು. ಬೇನೆ ಎಂಬುದೇನೂ ಇಲ್ಲ, ಡಾಕ್ಟರಿಗೂ ಏನೂ ಸಿಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ನಾನು ಅವಳ ತಲೆ ಬಾಚುತ್ತಿದ್ದಾಗ ತಣ್ಣಗೆ ಹೇಳಿದಳು: "ನಾ ಸತ್ತ ಮ್ಯಾಲೆ ಅಂವಾ ಸೀರಿ ತಂದ್ರ ಹಾಕಗೊಡಬ್ಯಾಡ. ಜೀವಂತ ಇದ್ದಾಗ ಕರೀದಾಂವನ ಸೀರಿ ನನ್ನ ಹೆಣಕ್ಕೂ ಬ್ಯಾಡ."

ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ತವರಿನ ಸೀರೆ ಬರಬೇಕು. ಅದನ್ನು ಹೊದಿಸಿಯೇ ಮಣ್ಣಿಗೆ ಒಯ್ಯುವುದು. ಅದು ಬೇಡವೆಂದರೆ ಹುಟ್ಟಿದ ಮನೆಯೇ ಬೇಡವೆಂದ ಹಾಗೆ. ಆದರೂ ಹೂಂ ಎಂದು ಜಡೆ ಹೆಣೆದೆ.

ಸಂಕ್ರಾಂತಿಗೆ ಇನ್ನೂ ವಾರವಿರುವಾಗ ಹೋದಳು. ಮುಂಡರಗಿಯ ಕಡೆಯವರ ಕೈಯಲ್ಲಿ ತಮ್ಮನಿಗೆ ಸುದ್ದಿ ಮುಟ್ಟಿಸಿದೆ, ಸಾವಿನ ಸುದ್ದಿಗೆ ಯಾವ ಆಣೆಯೂ ಅಡ್ಡ ಬರುವುದಿಲ್ಲ. ಲಕ್ಷ್ಮೇಶ್ವರಕ್ಕೂ ಹೇಳಿಕಳಿಸಿದೆ. ಕಾಕಾ ಮೊದಲೇ ಬಂದರು, ಗೋಡೆಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತರು. ನನ್ನ ತಲೆಯ ಮೇಲೆ ಕೈಯಿಟ್ಟು ಮಂದಿಗೆ ಚಹಾ, ಖುರ್ಚಿ ಎಲ್ಲ ಅವರೇ ನೋಡಿಕೊಂಡರು. ಹೆಣ ಎತ್ತುವ ಹೊತ್ತಿಗೆ ತಮ್ಮ ಬಂದ. ಬಿಳಿ ಮೀಸೆಯ, ಬಾಗಿದ ಬೆನ್ನಿನ ಮುದುಕ. ಎದೆಗೆ ಅವುಚಿಕೊಂಡ ಟವೆಲಿನಲ್ಲಿ ಒಂದು ಹಸಿರು ಇಳಕಲ್ ಸೀರೆ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಸೀರಿ ಬ್ಯಾಡ್ರಿ. ದೊಡ್ಡವ್ವ ಬ್ಯಾಡ ಅಂತ ಹೇಳಿ ಹೋಗ್ಯಾಳ."

ಅವನು ಸೀರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ನಾ ಕರದಿದ್ನೆವ್ವಾ" ಎಂದ. "ಈ ಸಲ ಪಂಚಮಿಗೆ ಕರೀಬೇಕಂತ ಫೋನ್ ಮಾಡಿದ್ದೆ. ಇದು ಅಂಗಡಿ, ಇಲ್ಲೆ ಅಂಥವರು ಯಾರೂ ಇಲ್ಲ ಅಂದ್ರು. ಮತ್ತ ಮಾಡಿದೆ. ಮತ್ತ ಹಂಗಽ ಅಂದ್ರು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ನಂಬರು ಕಾಕಾನ ಮನೆಯಲ್ಲಿದೆ, ಅದರ ಮೇಲೆ ಗೇಣುದ್ದದ ಅಂಕಿಯಲ್ಲಿ ನನ್ನ ನಂಬರಿದೆ, ಅಂಗಡಿ ಎಲ್ಲಿಂದ ಬಂತು? ಸತ್ತವಳ ಮುಂದೆಯೂ ಈ ಮುದುಕ ಸುಳ್ಳು ಹೇಳುತ್ತಾನಲ್ಲ ಎನ್ನಿಸಿತು. "ಇಲ್ಲೇ ಅದಾರ ನೋಡ್ರಿ ನಮ್ಮ ಕಾಕಾ. ಫೋನು ಇರೂದು ಅವರ ಮನ್ಯಾಗ. ಕೇಳ್ರಿ ಅವರನ್ನಽ" ಎಂದೆ.

ಎಲ್ಲರೂ ಕಾಕಾನ ಕಡೆ ತಿರುಗಿದರು. ಕಾಕಾ ನೆಲ ನೋಡುತ್ತಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಅದನ್ನು ನಾನು ದುಃಖ ಎಂದುಕೊಂಡೆ.

ತಮ್ಮ ಸೀರೆ ಹಿಡಿದುಕೊಂಡು ಹಿಂದೆ ಸರಿದ. ದೊಡ್ಡವ್ವ ತವರಿನ ಎಳೆಯೊಂದೂ ಮೈಮೇಲಿಲ್ಲದೆ ಮಣ್ಣಿಗೆ ಹೋದಳು.

ಒಂದು ತಿಂಗಳ ಮೇಲೆ, ಬಾಡಿಗೆಯವರ ಹತ್ತಿರ ಏನೋ ಕೆಲಸವಿತ್ತೆಂದು ಲಕ್ಷ್ಮೇಶ್ವರಕ್ಕೆ ಹೋದೆ. ಮೊದಲು ಕಾಕಾನ ಮನೆಗೇ ನಡೆದೆ. ಅವರು ಅಂಗಡಿಯಲ್ಲಿದ್ದರು. ಕಾಕಿ ನೀರು ಕೊಟ್ಟಳು. ತಂಬಿಗೆ ಎತ್ತಿದವಳು ಗೋಡೆ ನೋಡಿದೆ. ಗೇಣುದ್ದದ ಅಂಕಿಗಳು ಹಾಗೇ ಇದ್ದವು. 'ಬೆಟಗೇರಿ' ಎಂದೂ ಇತ್ತು. ಕೆಳಗಿನ ಹಲಗೆಯ ಮೇಲೆ ಒಂದು ಕುಂಕುಮದ ಡಬ್ಬಿ, ಎರಡು ಬಳೆ. ಫೋನು ಇರಲಿಲ್ಲ.

"ಫೋನ್ ಎಲ್ಲೈತಿ ಕಾಕಿ?"

"ಅದು ಅಂಗಡಿಗೆ ಹೋಗಿ ಯಾವ ಕಾಲ ಆತವ್ವಾ. ನೀವು ಹ್ವಾದ ಹದಿನೈದು ದಿನಕ್ಕಽ ಒಯ್ದ್ರು."

ತಂಬಿಗೆ ಕೆಳಗಿಟ್ಟು ಎದ್ದೆ. ಬಜಾರದವರೆಗೆ ಹೇಗೆ ನಡೆದೆನೋ ನೆನಪಿಲ್ಲ… ಅಂಗಡಿಯ ಮೇಲೆ ಹೊಸ ಬೋರ್ಡು, ಬೋರ್ಡಿನಲ್ಲಿ ಹೆಸರಿಗಿಂತ ದೊಡ್ಡದಾಗಿ ನಂಬರು. ಒಳಗೆ ಗೋಣಿ ತುಂಬ ಹೊಸ ಕೈಚೀಲ, ಎಲ್ಲದರ ಮೇಲೂ ಅದೇ ನಂಬರು. ಊರಿಗೆಲ್ಲ ಬಾಯಿಪಾಠವಿದ್ದ ನಂಬರು, ಅಂಗಡಿಗೆ ಅದಕ್ಕಿಂತ ಒಳ್ಳೆಯ ಬೋರ್ಡು ಇನ್ನೇನಿದೆ. ಕಾಕಾ ಯಾರಿಗೋ ಕುಪ್ಪಸದ ಬಟ್ಟೆ ಹರಿಯುತ್ತಿದ್ದರು. ಚರ್ರ್… ಪಂಚಮಿಯ ಮಧ್ಯಾಹ್ನ ಫೋನಿನಲ್ಲಿ ಕೇಳಿದ ಸದ್ದೇ ಅದು. ನನ್ನ ಮೈ ಉರಿದುಹೋಯಿತು.

ಗಿರಾಕಿ ಹೋಗುವವರೆಗೆ ನಿಂತೆ, ಅಷ್ಟು ಮರ್ಯಾದೆಯನ್ನು ಅವರೇ ಕಲಿಸಿದ್ದರು. ಆಮೇಲೆ ಕೇಳಿದೆ. ಅವರು ಥಾನು ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದರು: "ನಮ್ಮ ಓಣಿಯವ್ರಿಗಂತ ದಿನಾ ಹತ್ತು ಫೋನ್ ಬರ್ತಿದ್ವು ಮಗಳ. ಗಿರಾಕಿ ಮುಂದ ಯಾರಂತ ಕೇಳ್ಕೋತ ಕುಂಡ್ರಾಕ ಆಗ್ತಿದ್ದಿಲ್ಲ. ಇದು ಅಂಗಡಿ ಅಂತ ಹೇಳಿ ಇಟ್ಟುಬಿಡ್ತಿದ್ದೆ. ಅದರಾಗ ಅವಂದು ಯಾವ್ದು ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

"ಮಣ್ಣಿನ ದಿನ ಗೊತ್ತಾತಲ್ರಿ. ಅವಾಗ ಯಾಕ ಸುಮ್ಮನಿದ್ರಿ? ಒಂದು ಮಾತು ಹೇಳಿದ್ರ ಆ ಸೀರಿ ಆಕೀ ಮೈಮ್ಯಾಲೆ ಇರ್ತಿತ್ತು."

ಅವರು ಸುತ್ತಿದ ಥಾನನ್ನೇ ಬಿಚ್ಚಿ ಮತ್ತೆ ಸುತ್ತಿದರು. ಕಡೆಗೆ, "ಅಷ್ಟ ಮಂದ್ಯಾಗ ನಾಚಿಕಿ ಬಂತವ್ವಾ" ಎಂದರು.

ನಂಬರಿನ ಆಸೆಗೆ ಬಿದ್ದದ್ದನ್ನು ನಾನು ಇವತ್ತಿಗಾದರೂ ಮರೆತೇನು. ವ್ಯಾಪಾರಸ್ಥರಿಗೆ ಅಂಥ ಆಸೆ ಇರುತ್ತದೆ. ಆದರೆ ಅವರ ಒಂದು ಗಳಿಗೆಯ ನಾಚಿಕೆ ಉಳಿಯಲೆಂದು ನನ್ನ ದೊಡ್ಡವ್ವ ತವರಿಲ್ಲದವಳಂತೆ ಹೋದಳು. ಅದೂ ಯಾರ ಕೈಯಿಂದ? ನನ್ನ ಕೈಯಿಂದ. ಅರ್ಜಿ ತುಂಬಿದವಳು ನಾನು, ಬಾಗಿಲಿಗೆ ಅಡ್ಡ ನಿಂತವಳೂ ನಾನು. ಅವರನ್ನು ನಂಬಿ ನಾನು ಇನ್ನೊಬ್ಬ ಮುದುಕನನ್ನು ನೂರು ಮಂದಿಯ ಮುಂದೆ ಸುಳ್ಳುಗಾರನನ್ನಾಗಿ ಮಾಡಿದ್ದೆ.

ಅಂಗಡಿಯಿಂದ ತಿರುಗಿ ಅವರ ಮನೆಗೆ ಹೋದೆ. ಸೆರಗಿನ ತುದಿಯನ್ನು ಕೊಡದ ನೀರಿನಲ್ಲಿ ಅದ್ದಿ, ಗೋಡೆಯ ಮೇಲಿನ ನನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಒರೆಸಿದೆ. ಗೋಡೆಯೆಲ್ಲ ಕಪ್ಪು ಕಪ್ಪಾಯಿತು. ಕಾಕಿ ಬಾಯಿಯ ಮೇಲೆ ಕೈಯಿಟ್ಟು ನಿಂತಿದ್ದಳು. "ನನ್ನ ನಂಬರ ಈ ಮನ್ಯಾಗ ಇರೂದು ಬ್ಯಾಡ" ಎಂದು ಹೇಳಿ ಬಂದೆ. ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ಆ ವಾರವೇ ಮುಂಡರಗಿ ಬಸ್ಸು ಹತ್ತಿ ತಮ್ಮನ ಊರಿಗೆ ಹೋದೆ. ಎಲ್ಲ ಹೇಳಿದೆ, ಕಾಲು ಹಿಡಿದೆ. ಅವನು ಬೈಯಲಿಲ್ಲ. "ಅಂದ್ರ ಅಕ್ಕ ಹಂಗ ಹೇಳಿಸಿದ್ದಲ್ಲ?" ಎಂದು ಕೇಳಿದ. ಅಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಕೇಳಿದ. ಸೀರೆ ಎಲ್ಲಿದೆ, ಸಮಾಧಿಯ ಮೇಲಾದರೂ ಹೊದಿಸುತ್ತೇನೆ ಕೊಡಿ ಎಂದೆ. "ಸತ್ತಾಕಿಗಂತ ತಂದ ಸೀರಿ ತಿರುಗಿ ಮನೀಗೆ ಒಯ್ಯಬಾರ್ದವ್ವಾ. ಅವತ್ತಽ ಹೊಳಿಗೆ ಬಿಟ್ಟೆ" ಎಂದ. ಮುಂದೆ ಅವನು ಇರುವವರೆಗೂ ಪಂಚಮಿಯ ಬೆಳಿಗ್ಗೆ ನನಗೆ ಫೋನು ಮಾಡಿ ಉಂಡಿ ಕಟ್ಟಿದಿಯೇನವ್ವಾ ಎಂದು ಕೇಳುತ್ತಿದ್ದ. ಈಗ ಅವನೂ ಇಲ್ಲ.

ಕಾಕಾ ಹೋದ ಸುದ್ದಿ ಕೇಳಿದ ಮೇಲೆ ಮೂರು ದಿನ ಆ ಮೂರು ಕುಪ್ಪಸಗಳ ಬಟ್ಟೆಯನ್ನು ಮುಟ್ಟಲಿಲ್ಲ. ಆಮೇಲೆ ಆ ಹಿತ್ತಾಳೆ ಹಿಡಿಕೆಯ ಕತ್ತರಿಯಿಂದಲೇ ಕತ್ತರಿಸಿದೆ, ನನ್ನ ಹತ್ತಿರ ಬೇರೆ ಕತ್ತರಿಯಿಲ್ಲ. ಹೊಲಿಯುವಾಗಲೆಲ್ಲ ಒಳಗೊಳಗೇ ಜಗಳ. ನನಗೆ ಇನ್ನೂ ಸಿಟ್ಟಿದೆ, ಸತ್ತರೆಂದು ಹೋಗುವ ಸಿಟ್ಟಲ್ಲ ಅದು. ಆದರೆ ಇನ್ನೊಂದು ಸಿಟ್ಟೂ ಬರುತ್ತಿತ್ತು. ಮಗಳ, ಮಗಳ ಎನ್ನುತ್ತಿದ್ದವರ ಮನೆಯವರು ನನಗೆ ಒಂದು ಸುದ್ದಿ ಮುಟ್ಟಿಸಬಾರದಿತ್ತೇ? ನಾನು ಅಷ್ಟು ಬೇಡವಾದೆನೇ?

ನಿನ್ನೆ ಆ ಹೆಣ್ಣುಮಗಳು ಕುಪ್ಪಸ ಒಯ್ಯಲು ಬಂದಿದ್ದಳು. ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತ, ಮಾತಿಗೆ ಮಾತು ಎಂಬಂತೆ ಹೇಳಿದಳು: "ಆ ಅಜ್ಜಾರು ಕಡೀಕ ಭಾಳ ಹಳಹಳಿಸಿದ್ರಂತ್ರಿ. ಬೆಟಗೇರಿಗೆ ಫೋನ್ ಹಚ್ರಿ, ಬೆಟಗೇರಿಗೆ ಫೋನ್ ಹಚ್ರಿ ಅಂತ ಗೋಡಿ ಕಡೆ ಕೈ ಮಾಡ್ತಿದ್ರಂತ. ಗೋಡಿ ಮ್ಯಾಲೆ ನೋಡಿದ್ರ ಏನೂ ಇಲ್ಲ. ಅಜ್ಜಿನೂ ಮೊದಲಽ ಹೋಗಿಬಿಟ್ಟಾರ, ಯಾರ ನಂಬರ ಅಂತ ಉಳಿದ ಮನಿ ಮಂದಿಗೆ ತಿಳೀಲಿಲ್ಲಂತ."

ಕುಪ್ಪಸಗಳನ್ನು ಮಡಿಚಿ ಅದೇ ಚೀಲದಲ್ಲಿ ಹಾಕಿ ಕೊಟ್ಟೆ. ಅವಳು ಹೋದಳು. ಫೋನು ಬಂದಿದ್ದರೂ ನಾನು ಹೋಗುತ್ತಿರಲಿಲ್ಲ ಎಂದು ನನಗೆ ನಾನೇ ಎರಡು ಸಲ ಹೇಳಿಕೊಂಡೆ. ಸುಳ್ಳು. ಹೋಗುತ್ತಿದ್ದೆ. ಬೈಯುವುದಕ್ಕಾದರೂ ಹೋಗುತ್ತಿದ್ದೆ.